ಬಿಸಿನೀರು, ಪುಡಿ ಮತ್ತು ಪಾರ್ಕಿನ್ಸನ್: ಶಾಪರೋನ್ ಪ್ರೋಟೀನುಗಳು ನಿಜಕ್ಕೂ ಏನು ಮಾಡುತ್ತವೆ?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾಗಿ ನಾಲ್ಕು ವರ್ಷವಾಯಿತು, ಲೆವೊಡೋಪ ಮಾತ್ರೆ ತಗೊಳ್ತಿದ್ದಾರೆ. ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಬಂತು. ದಿನಾ ಅರ್ಧ ಗಂಟೆ ಚೆನ್ನಾಗಿ ಬಿಸಿ ಇರೋ ನೀರಿನ ತೊಟ್ಟಿಯಲ್ಲಿ ಕೂತರೆ ‘ಶಾಪರೋನ್ ಪ್ರೋಟೀನ್’ ಹೆಚ್ಚಾಗಿ, ಮೆದುಳಲ್ಲಿ ಗಂಟುಕಟ್ಟಿದ ಕೆಟ್ಟ ಪ್ರೋಟೀನೆಲ್ಲ ಕರಗಿ ಹೋಗುತ್ತಂತೆ. ಅದನ್ನೇ ಹೆಚ್ಚಿಸುವ ಪುಡಿಯನ್ನೂ ಮಾರ್ತಾರೆ, ಹಾಲಿಗೆ ಹಾಕಿ ಬೆಳಗಿನ ಮಾತ್ರೆ ಜೊತೆ ಕುಡಿಸಬೇಕಂತೆ. ನನ್ನ ತಮ್ಮ ತರಿಸೋಣ ಅಂತಿದ್ದಾನೆ. ಈ ಶಾಪರೋನ್ ಅನ್ನೋದು ನಿಜವಾ? ಅದರಿಂದ ಕಾಯಿಲೆ ವಾಸಿಯಾಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ತುರ್ತಿನ ಮಾತು. ತಂದೆಯವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಬೇಡಿ. ಪುಡಿಯನ್ನೂ ತರಿಸಬೇಡಿ, ಈಗಾಗಲೇ ತರಿಸಿದ್ದರೆ ಮಾತ್ರೆಯ ಜೊತೆಗಂತೂ ಕೊಡಲೇಬೇಡಿ. ಕಾರಣಗಳನ್ನು ಕೊನೆಯಲ್ಲಿ ಬರೆದಿದ್ದೇನೆ, ದಯವಿಟ್ಟು ಅಲ್ಲಿಯವರೆಗೂ ಓದಿ.

ವಿಡಿಯೊದಲ್ಲಿ ಹೇಳಿದ್ದೆಲ್ಲ ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ. ಶಾಪರೋನ್ ಪ್ರೋಟೀನುಗಳು, ಅಂದರೆ ಬೇರೆ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಪ್ರೋಟೀನುಗಳು, ನಿಜವಾಗಿಯೂ ಇವೆ. ಬಿಸಿ ತಾಗಿದರೆ ಜೀವಕೋಶಗಳಲ್ಲಿ ಅವು ಹೆಚ್ಚುತ್ತವೆ. ಪಾರ್ಕಿನ್ಸನ್ ಕಾಯಿಲೆಗೂ ಅವಕ್ಕೂ ಸಂಬಂಧವಿದೆ. ಈ ಮೂರೂ ನಿಜವಾದ್ದರಿಂದ ನಾಲ್ಕನೆಯ ಮಾತೂ ನಿಜವಿರಬೇಕು ಅನ್ನಿಸಿಬಿಡುತ್ತದೆ: ಶಾಪರೋನ್ ಹೆಚ್ಚಿಸಿದರೆ ಕಾಯಿಲೆ ವಾಸಿ. ಜೀವರಸಾಯನ ಶಾಸ್ತ್ರದ ಪಾಠ ಹೇಳುವವನಾಗಿ ನಾನು ನಿಮಗೆ ಬಿಡಿಸಿ ಹೇಳಬೇಕಾದ್ದು ಈ ನಾಲ್ಕನೆಯ ಮಾತನ್ನೇ. ಈ ಕ್ಷೇತ್ರದಲ್ಲಿ ಔಷಧವಾಗಿ ಗೆದ್ದು ಬಂದವುಗಳಲ್ಲಿ ಹೆಚ್ಚಿನವು ಶಾಪರೋನ್‌ಗಳನ್ನು ಸಾರಾಸಗಟಾಗಿ ಹೆಚ್ಚಿಸಿ ಗೆದ್ದವಲ್ಲ. ಯಾವ ಪ್ರೋಟೀನು ಕೆಟ್ಟಿದೆಯೋ ಅದೊಂದನ್ನೇ ಹಿಡಿದು ನಿಲ್ಲಿಸಿ ಗೆದ್ದವು.

ಪ್ರೋಟೀನ್ ಎಂದರೆ ನಮಗೆ ಬೇಳೆ, ಮೊಟ್ಟೆ, ಹಾಲು ನೆನಪಿಗೆ ಬರುತ್ತವೆ. ಜೀವಕೋಶದ ಒಳಗೆ ಅದು ಕೆಲಸದ ಆಳು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಸ್ನಾಯು ಎಳೆಯುವ ಆಕ್ಟಿನ್, ಜೀರ್ಣ ಮಾಡುವ ಕಿಣ್ವಗಳು, ಎಲ್ಲವೂ ಪ್ರೋಟೀನುಗಳೇ. ಅಮೈನೊ ಆಮ್ಲಗಳ ಉದ್ದನೆಯ ಸರವಾಗಿ ಅದು ಕೋಶದ ಪ್ರೋಟೀನು ತಯಾರಿಸುವ ಯಂತ್ರವಾದ ರೈಬೋಸೋಮಿನಿಂದ ಹೊರಬರುತ್ತದೆ. ನಮ್ಮ ಕೋಶಗಳಲ್ಲಿ ಸೆಕೆಂಡಿಗೆ ಐದಾರು ಅಮೈನೊ ಆಮ್ಲಗಳಂತೆ ಸರ ಬೆಳೆಯುತ್ತದೆ. ಸರವಾಗಿದ್ದಷ್ಟು ಹೊತ್ತು ಅದರಿಂದ ಯಾವ ಕೆಲಸವೂ ಆಗದು. ತನ್ನದೇ ಆದ ಒಂದು ಆಕಾರಕ್ಕೆ ಮಡಚಿಕೊಂಡ ಮೇಲೆಯೇ ಕೆಲಸ ಶುರು. ಆ ಆಕಾರ ಹೇಗೆ ಕೆಡುತ್ತದೆ ಎಂದು ನೋಡಬೇಕಾದರೆ ಮೊಟ್ಟೆ ಬೇಯಿಸಿ ಸಾಕು. ತಿಳಿಯಾಗಿದ್ದ ಲೋಳೆ ಬಿಸಿಗೆ ಬಿಳಿಯ ಗಟ್ಟಿ ಮುದ್ದೆಯಾಗುತ್ತದೆ. ಅಲ್ಲಿ ಹೊಸದೇನೂ ಸೇರಿಲ್ಲ, ಇದ್ದ ಪ್ರೋಟೀನುಗಳೇ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿವೆ. ತಣ್ಣಗಾದರೂ ಅದು ಮತ್ತೆ ತಿಳಿಯಾಗುವುದಿಲ್ಲ.

ಸರ ತಾನಾಗಿಯೇ ಮಡಚಿಕೊಳ್ಳುತ್ತದೆಯೇ? ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸನ್ ಹೌದು ಎಂದು ತೋರಿಸಿದರು. ರೈಬೋನ್ಯೂಕ್ಲಿಯೇಸ್ ಎಂಬ 124 ಅಮೈನೊ ಆಮ್ಲಗಳ ಪುಟ್ಟ ಕಿಣ್ವವನ್ನು ಯೂರಿಯಾ ಹಾಕಿ ಪೂರ್ತಿ ಬಿಚ್ಚಿದರು. ಯೂರಿಯಾ ತೆಗೆದಾಗ ಅದು ಮೊದಲಿನ ಆಕಾರಕ್ಕೇ ಮರಳಿ ಕೆಲಸ ಮಾಡಿತು. ಆಕಾರದ ಮಾಹಿತಿಯೆಲ್ಲ ಸರದಲ್ಲೇ ಇದೆ ಎಂಬ ಈ ತಿಳಿವಿಗೆ 1972ರಲ್ಲಿ ನೊಬೆಲ್ ಬಂತು. ಆದರೆ ಅದು ಗಾಜಿನ ಕೊಳವೆಯ ಮಾತು, ಅಲ್ಲಿ ಪ್ರೋಟೀನಿಗೆ ಓಡಾಡಲು ಬೇಕಾದಷ್ಟು ಜಾಗವಿತ್ತು. ಜೀವಕೋಶದ ಒಳಗೆ ಭಾರೀ ನೂಕುನುಗ್ಗಲು. ಬ್ಯಾಕ್ಟೀರಿಯಾದಲ್ಲಿ ಲೀಟರಿಗೆ ಸುಮಾರು 300 ಗ್ರಾಂನಷ್ಟು ದೊಡ್ಡ ಅಣುಗಳು ಕಿಕ್ಕಿರಿದಿರುತ್ತವೆ. ಅರ್ಧ ಮಡಚಿದ ಪ್ರೋಟೀನಿನಲ್ಲಿ ನೀರು ಕಂಡರಾಗದ ಅಂಟು ಭಾಗಗಳು ಹೊರಗೆ ಕಾಣುತ್ತಿರುತ್ತವೆ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಇದ್ದರೆ ಎರಡೂ ಅಂಟಿಕೊಂಡು ಬಿಡುತ್ತವೆ. ಶಾಪರೋನ್‌ಗಳ ಕೆಲಸ ಶುರುವಾಗುವುದು ಇಲ್ಲಿ. ಅವು ಪ್ರೋಟೀನಿಗೆ ಆಕಾರವನ್ನು ಕೊಡುವುದಿಲ್ಲ. ಅಂಟು ಭಾಗವನ್ನು ಸ್ವಲ್ಪ ಹೊತ್ತು ಮುಚ್ಚಿ ಹಿಡಿದು, ಕಂಡಕಂಡದ್ದಕ್ಕೆ ಅಂಟದಂತೆ ಕಾಯ್ದು, ಬಿಟ್ಟುಬಿಡುತ್ತವೆ. ಕೆಲಸ ಮುಗಿದ ಮೇಲೆ ಆ ಪ್ರೋಟೀನಿನ ಭಾಗವಾಗಿ ಉಳಿಯುವುದೂ ಇಲ್ಲ.

ಬಿಸಿಗೂ ಇದಕ್ಕೂ ಇರುವ ನಂಟು ಗೊತ್ತಾದ ಬಗೆ ಸ್ವಾರಸ್ಯಕರ. 1960ರ ದಶಕದ ಆರಂಭದಲ್ಲಿ ಇಟಲಿಯ ಫೆರುಚ್ಚೊ ರಿತೋಸ್ಸಾ ಹಣ್ಣುನೊಣದ ಮರಿಹುಳುಗಳ ಲಾಲಾಗ್ರಂಥಿ ತೆಗೆದು, ಅದರ ದೈತ್ಯ ಕ್ರೋಮೋಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಕೆಲಸ ಮಾಡುತ್ತಿರುವ ಜೀನುಗಳ ಜಾಗದಲ್ಲಿ ಈ ಕ್ರೋಮೋಸೋಮು ಉಬ್ಬಿಕೊಳ್ಳುತ್ತದೆ. ಒಂದು ದಿನ ಪ್ರಯೋಗಾಲಯದಲ್ಲಿ ಯಾರೋ ಇನ್‌ಕ್ಯುಬೇಟರಿನ ಉಷ್ಣತೆ ಏರಿಸಿಬಿಟ್ಟಿದ್ದರು. ರಿತೋಸ್ಸಾ ನೋಡಿದರೆ ಎಂದಿನ ಉಬ್ಬುಗಳಿಲ್ಲ, ಬೇರೆಯೇ ಜಾಗಗಳಲ್ಲಿ ಹೊಸ ಉಬ್ಬುಗಳು ಎದ್ದಿವೆ. ಬಿಸಿ ತಾಗಿದ ಕೆಲವೇ ನಿಮಿಷಗಳಲ್ಲಿ ಇವು ಏಳುತ್ತಿದ್ದವು. ಇದಕ್ಕೆ ಮಹತ್ವವಿಲ್ಲವೆಂದು ಒಂದು ಹೆಸರಾಂತ ಪತ್ರಿಕೆ ಲೇಖನವನ್ನು ತಿರಸ್ಕರಿಸಿತು ಎಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. 1962ರಲ್ಲಿ ಅದು ಬೇರೆಡೆ ಅಚ್ಚಾಯಿತು. ಆ ಉಬ್ಬುಗಳಿಂದ ತಯಾರಾಗುವ ಪ್ರೋಟೀನುಗಳನ್ನು ಆಲ್ಫ್ರೆಡ್ ತಿಸಿಯೆರ್ ಮತ್ತು ಸಂಗಡಿಗರು ಗುರುತಿಸುವ ಹೊತ್ತಿಗೆ 1974. ಬಿಸಿಯಿಂದ ಹೆಚ್ಚುವುದರಿಂದ ಅವಕ್ಕೆ ಹೀಟ್ ಶಾಕ್ ಪ್ರೋಟೀನುಗಳು, ಚಿಕ್ಕದಾಗಿ ಎಚ್‌ಎಸ್‌ಪಿ, ಎಂದು ಹೆಸರಾಯಿತು. ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಎಂಬಲ್ಲಿನ ಅಂಕಿ ಅವುಗಳ ಅಣುತೂಕ, ಸಾವಿರಗಳಲ್ಲಿ. ಶಾಪರೋನ್‌ಗಳಲ್ಲಿ ಅನೇಕವು ಈ ಗುಂಪಿನವೇ. ಬಿಸಿಯೇ ಬೇಕೆಂದೇನಿಲ್ಲ. ವಿಷವಸ್ತು, ಆಮ್ಲಜನಕದ ಕೊರತೆ, ಸೋಂಕು, ಕಠಿಣ ವ್ಯಾಯಾಮ, ಯಾವುದೇ ಕಾರಣಕ್ಕೆ ಪ್ರೋಟೀನುಗಳು ಬಿಚ್ಚಿಕೊಳ್ಳತೊಡಗಿದರೆ ಎಚ್‌ಎಸ್‌ಎಫ್1 ಎಂಬ ಒಂದು ಸ್ವಿಚ್ಚು ಈ ಜೀನುಗಳನ್ನು ಎಬ್ಬಿಸುತ್ತದೆ. ಬಿಸಿ ತಾಗದ ದಿನವೂ ಈ ಪ್ರೋಟೀನುಗಳು ಕೋಶದಲ್ಲಿ ಧಾರಾಳವಾಗಿ ಇದ್ದೇ ಇರುತ್ತವೆ.

ಅವು ಎಷ್ಟು ಅನಿವಾರ್ಯ ಎಂಬುದು ಸ್ಪಷ್ಟವಾಗಿದ್ದು 1980ರ ದಶಕದ ಕೊನೆಯಲ್ಲಿ. ಮಕ್ಕಳ ವೈದ್ಯಕೀಯದಲ್ಲಿ ತರಬೇತಿ ಪಡೆದು ಸಂಶೋಧನೆಗೆ ಬಂದ ಯೇಲ್ ವಿಶ್ವವಿದ್ಯಾಲಯದ ಆರ್ಥರ್ ಹಾರ್ವಿಚ್ ಮನುಷ್ಯರ ಒಂದು ಕಿಣ್ವವನ್ನು ಯೀಸ್ಟಿನಲ್ಲಿ ತಯಾರಾಗುವಂತೆ ಮಾಡಿದ್ದರು. ಅಮೋನಿಯಾ ವಿಷವನ್ನು ಯೂರಿಯಾ ಮಾಡಲು ನಮ್ಮ ಯಕೃತ್ತಿಗೆ ಬೇಕಾದ ಕಿಣ್ವ ಅದು. ಅದಿಲ್ಲದೆ ಹುಟ್ಟಿದ ಕೂಸಿನ ರಕ್ತದಲ್ಲಿ ಅಮೋನಿಯಾ ಏರಿ ಪ್ರಾಣಕ್ಕೇ ಅಪಾಯ. ಯೀಸ್ಟಿನ ಒಂದು ರೂಪಾಂತರಿ (ಜೀನಿನಲ್ಲಿ ಬದಲಾವಣೆಯಾದ) ತಳಿಯಲ್ಲಿ ಕಿಣ್ವದ ಸರ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದೊಳಗೆ ಸರಿಯಾಗಿಯೇ ಹೋಗುತ್ತಿತ್ತು, ಆದರೆ ಕೆಲಸ ಮಾಡುತ್ತಿರಲಿಲ್ಲ. ಸರದಲ್ಲಿ ತಪ್ಪಿರಲಿಲ್ಲ. ಮೈಟೊಕಾಂಡ್ರಿಯದಲ್ಲಿ ಮಡಚಲು ನೆರವಾಗುವ ಎಚ್‌ಎಸ್‌ಪಿ60 ಕೆಟ್ಟಿತ್ತು. ಜರ್ಮನಿಯ ಫ್ರಾಂಜ್-ಉಲ್ರಿಚ್ ಹಾರ್ಟ್ಲ್ ಜೊತೆಗೂಡಿ 1989ರಲ್ಲಿ ಇದನ್ನು ಪ್ರಕಟಿಸಿದರು. 2011ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ಈ ಎಚ್‌ಎಸ್‌ಪಿ60ರ ಬ್ಯಾಕ್ಟೀರಿಯಾ ರೂಪವನ್ನು ಒಂದಿಷ್ಟು ಹತ್ತಿರದಿಂದ ನೋಡೋಣ. ಗ್ರೋಇಎಲ್ ಎಂದು ಅದರ ಹೆಸರು. ಏಳು ತುಂಡುಗಳ ಒಂದು ಉಂಗುರ, ಅದರ ಬೆನ್ನಿಗೆ ಬೆನ್ನು ಕೊಟ್ಟು ಏಳು ತುಂಡುಗಳ ಇನ್ನೊಂದು ಉಂಗುರ. ನಡುವೆ ಟೊಳ್ಳು. ಬಾಯಿಯ ಅಂಚಿನಲ್ಲಿ ನೀರು ಕಂಡರಾಗದ ಅಮೈನೊ ಆಮ್ಲಗಳಿರುವುದರಿಂದ, ಅರ್ಧ ಮಡಚಿದ ಪ್ರೋಟೀನು ಅಲ್ಲಿ ಬಂದು ಅಂಟುತ್ತದೆ. ಆಗ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಏಳು ಅಣುಗಳು ಉಂಗುರದಲ್ಲಿ ಕೂರುತ್ತವೆ, ಗ್ರೋಇಎಸ್ ಎಂಬ ಮುಚ್ಚಳ ಮೇಲಿನಿಂದ ಬಂದು ಬಾಯಿ ಮುಚ್ಚುತ್ತದೆ, ಗೋಡೆಗಳು ಹೊರಳಿ ಅಂಟು ಭಾಗಗಳು ಮರೆಯಾಗುತ್ತವೆ. ಪ್ರೋಟೀನು ಈಗ ಒಳಗೆ ಒಂಟಿ, ಅಂಟಿಕೊಳ್ಳಲು ಇನ್ನೊಂದಿಲ್ಲ. ಹತ್ತು ಸೆಕೆಂಡಿನಷ್ಟು ಹೊತ್ತು ಅದಕ್ಕೆ ಏಕಾಂತ. ಎಟಿಪಿ ಒಡೆದ ಮೇಲೆ ಮುಚ್ಚಳ ತೆರೆದು ಪ್ರೋಟೀನು ಹೊರಬೀಳುತ್ತದೆ. ಮಡಚಿಕೆ ಮುಗಿದಿದ್ದರೆ ಸರಿ, ಇಲ್ಲವಾದರೆ ಮತ್ತೊಂದು ಸುತ್ತು. ಎಷ್ಟು ಬಾರಿ ಓದಿದರೂ ನನಗೆ ಇದು ಬೆರಗು ಹುಟ್ಟಿಸುತ್ತದೆ.

ಎಚ್‌ಎಸ್‌ಪಿ70 ಇಷ್ಟು ದೊಡ್ಡ ಕೋಣೆಯೇನೂ ಅಲ್ಲ, ಪ್ರೋಟೀನಿನ ಒಂದು ಚಿಕ್ಕ ತುಣುಕನ್ನು ಹಿಡಿದು ಬಿಡುವ ಇಕ್ಕಳ. ಅದಕ್ಕೆ ಗಿರಾಕಿಗಳನ್ನು ತಂದು ಕೊಡುವುದು ಎಚ್‌ಎಸ್‌ಪಿ40 ಬಳಗ, ಹಿಡಿತ ಬಿಡಿಸುವುದು ಇನ್ನೊಂದು ಬಳಗ. ಯಾವ ಪ್ರೋಟೀನನ್ನು ಉಳಿಸಬೇಕು, ಯಾವುದು ಕೈಮೀರಿದೆ ಎಂದು ಕತ್ತರಿಸುವ ಯಂತ್ರಕ್ಕೆ ಒಪ್ಪಿಸಬೇಕು ಎನ್ನುವುದೂ ಇವುಗಳ ನಡುವೆಯೇ ತೀರ್ಮಾನವಾಗುತ್ತದೆ. ಆದ್ದರಿಂದ ಎಚ್‌ಎಸ್‌ಪಿ70 ಒಂದನ್ನೇ ಏರಿಸಿದರೆ ಮಡಚುವ ಕೆಲಸವೂ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಜೊತೆಗಾರರ ಪ್ರಮಾಣ ಹೊಂದದಿದ್ದರೆ ಹಿಡಿದ ಪ್ರೋಟೀನು ಬಿಡುಗಡೆಯಾಗದೆ ಸಿಕ್ಕಿಕೊಳ್ಳಬಹುದು.

ಇನ್ನು ಕಾಯಿಲೆಗಳ ಮಾತು. ಶಾಪರೋನೇ ಕೆಟ್ಟು ಬರುವ ಕಾಯಿಲೆಗಳಿವೆ, ಬಹಳ ಅಪರೂಪ. ಎಚ್‌ಎಸ್‌ಪಿಬಿ1 ಎಂಬ ಸಣ್ಣ ಶಾಪರೋನಿನ ಜೀನಿನಲ್ಲಿ ದೋಷವಿದ್ದರೆ ಕೈಕಾಲಿನ ನರಗಳು ಸೊರಗುತ್ತವೆ. ಡಿಎನ್‌ಎಜೆಬಿ6 ಕೆಟ್ಟರೆ ತೊಡೆ, ಸೊಂಟದ ಸ್ನಾಯುಗಳು ದುರ್ಬಲವಾಗುತ್ತವೆ. ಇದಕ್ಕಿಂತ ಎಲ್ಲರ ಮನೆಯಲ್ಲೂ ಕಾಣುವ ಸಂಗತಿ ಕಣ್ಣಿನ ಪೊರೆ. ಕಣ್ಣಿನ ಮಸೂರದ ನಡುಭಾಗದ ಕೋಶಗಳು ನಾವು ಹುಟ್ಟುವ ಮೊದಲೇ ಬೆಳೆದು, ಪಾರದರ್ಶಕವಾಗಲೆಂದು ತಮ್ಮ ನ್ಯೂಕ್ಲಿಯಸ್ಸನ್ನೂ ರೈಬೋಸೋಮುಗಳನ್ನೂ ಕಳೆದುಕೊಂಡಿರುತ್ತವೆ. ಅಲ್ಲಿ ಹೊಸ ಪ್ರೋಟೀನು ಹುಟ್ಟುವಂತಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಮಾಡಿದ್ದೇ ಎಂಬತ್ತು ವರ್ಷ ಬಾಳಬೇಕು. ಮಸೂರದ ಪ್ರೋಟೀನಿನಲ್ಲಿ ಸುಮಾರು ಮೂರನೇ ಒಂದರಷ್ಟು ಇರುವ ಆಲ್ಫಾ ಕ್ರಿಸ್ಟಲಿನ್ ಒಂದು ಶಾಪರೋನ್ ಎಂದು 1992ರಲ್ಲಿ ಜೋಸೆಫ್ ಹಾರ್ವಿಟ್ಜ್ ತೋರಿಸಿದರು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಮೋಹನ ರಾವ್ ಮತ್ತವರ ತಂಡ ಇದರ ಮೇಲೆ ಗಟ್ಟಿ ಕೆಲಸ ಮಾಡಿದೆ. ವಯಸ್ಸಾದಂತೆ ಬಿಚ್ಚಿಕೊಳ್ಳುವ ನೆರೆಯ ಪ್ರೋಟೀನುಗಳನ್ನು ಹಿಡಿಹಿಡಿದು ಈ ದಾಸ್ತಾನು ಮುಗಿಯುತ್ತ ಬರುತ್ತದೆ. ಆಮೇಲೆ ಬಿಚ್ಚಿಕೊಂಡವು ಮುದ್ದೆಗಟ್ಟುತ್ತವೆ, ಬೆಳಕು ಚದುರುತ್ತದೆ. ಪೊರೆ ಕರಗಿಸುವ ಹನಿ ಎಂದು ಮಾರುವವರಿದ್ದಾರೆ. ಮನುಷ್ಯರ ಕಣ್ಣಿನ ಪೊರೆಯನ್ನು ಕರಗಿಸುತ್ತದೆಂದು ಸಾಬೀತಾದ ಹನಿ ಇಲ್ಲ. ಶಸ್ತ್ರಚಿಕಿತ್ಸೆಯೇ ದಾರಿ, ಮತ್ತು ಅದು ಒಳ್ಳೆಯ ದಾರಿ.

ಶಾಪರೋನ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಕೊಡುವುದು ಕ್ಯಾನ್ಸರ್. ಗೆಡ್ಡೆಯ ಕೋಶದೊಳಗೆ ರೂಪಾಂತರಗೊಂಡ, ಅರೆಬರೆ ಮಡಚಿದ ಪ್ರೋಟೀನುಗಳು ತುಂಬಿರುತ್ತವೆ. ಅವು ಕುಸಿಯದಂತೆ ಎಚ್‌ಎಸ್‌ಪಿ90 ಆಧಾರ ಕೊಡುತ್ತದೆ, ಎಚ್‌ಎಸ್‌ಪಿ70 ಆ ಕೋಶ ಸಾಯದಂತೆ ತಡೆಯುತ್ತದೆ. ಜೆಲ್ಡಾನಮೈಸಿನ್ ಎಂಬ ವಸ್ತು ಕ್ಯಾನ್ಸರ್ ಕೋಶದ ಎಚ್‌ಎಸ್‌ಪಿ90ಕ್ಕೇ ಅಂಟುತ್ತದೆ ಎಂದು 1994ರಲ್ಲಿ ಗೊತ್ತಾದ ಮೇಲೆ, ಅದನ್ನು ತಡೆಯುವ ಔಷಧಗಳನ್ನು ಒಂದರ ಹಿಂದೊಂದು ರೋಗಿಗಳಲ್ಲಿ ಪರೀಕ್ಷಿಸಿದರು. ಒಳ್ಳೆಯ ಕೋಶಗಳಿಗೂ ಎಚ್‌ಎಸ್‌ಪಿ90 ಬೇಕಲ್ಲವೇ, ಅಡ್ಡಪರಿಣಾಮಗಳು ಕಾಡಿದವು. ಸಾಲದ್ದಕ್ಕೆ ಎಚ್‌ಎಸ್‌ಪಿ90ನ್ನು ತಡೆದ ಕೂಡಲೇ ಕೋಶ ಗಾಬರಿಬಿದ್ದು ಎಚ್‌ಎಸ್‌ಪಿ70ನ್ನು ಏರಿಸಿಕೊಳ್ಳುತ್ತದೆ. ಇಷ್ಟೆಲ್ಲ ಆಗಿ ಜಪಾನಿನಲ್ಲಿ 2022ರಲ್ಲಿ ಪಿಮಿಟೆಸ್ಪಿಬ್ ಎಂಬ ಒಂದಕ್ಕೆ, ಹೊಟ್ಟೆ ಕರುಳಿನ ಒಂದು ಬಗೆಯ ಗೆಡ್ಡೆಗೆ, ಅನುಮತಿ ದೊರೆಯಿತು.

ಮಲೇರಿಯಾ ಪರಾವಲಂಬಿಯೂ ಇದೇ ಪ್ರೋಟೀನನ್ನು ನೆಚ್ಚಿಕೊಂಡಿದೆ. ಸೊಳ್ಳೆಯ ತಣ್ಣನೆಯ ಮೈಯಿಂದ ಅದು ನಮ್ಮ 37 ಡಿಗ್ರಿ ರಕ್ತಕ್ಕೆ ಬರುತ್ತದೆ, ಮೇಲೆ ನಮಗೆ ಜ್ವರ ಏರಿ 40 ದಾಟುತ್ತದೆ. ಇಷ್ಟು ಬಿಸಿಯನ್ನು ತಾಳಿಕೊಂಡು ಬೆಳೆಯಲು ಅದಕ್ಕೆ ತನ್ನದೇ ಎಚ್‌ಎಸ್‌ಪಿ90 ಬೇಕೇಬೇಕು ಎಂದು ತೋರಿಸಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ತಾತು ಮತ್ತವರ ವಿದ್ಯಾರ್ಥಿಗಳು ಮುಂಚೂಣಿಯವರು. ಕೆಂಪು ರಕ್ತಕಣದೊಳಗೆ ಉಂಗುರದಂತಿರುವ ಪರಾವಲಂಬಿಗೆ ಜೆಲ್ಡಾನಮೈಸಿನ್ ತಾಗಿಸಿದರೆ ಅದು ಮುಂದಿನ ಹಂತಕ್ಕೆ ಬೆಳೆಯುವುದೇ ನಿಲ್ಲುತ್ತದೆ.

ಈಗ ತಂದೆಯವರ ಕಾಯಿಲೆಗೆ ಬರುತ್ತೇನೆ. ಪಾರ್ಕಿನ್ಸನ್ ರೋಗಿಗಳ ಮೆದುಳಿನ ಕೋಶಗಳಲ್ಲಿ ದುಂಡನೆಯ ಗಂಟುಗಳಿರುವುದನ್ನು ಜರ್ಮನಿಯ ಫ್ರೆಡರಿಕ್ ಲೂವಿ 1912ರಲ್ಲೇ ಬರೆದಿದ್ದರು. ಆ ಗಂಟಿನೊಳಗೆ ಮುಖ್ಯವಾಗಿ ಇರುವುದು ಆಲ್ಫಾ ಸಿನ್ಯೂಕ್ಲಿನ್ ಎಂಬ 140 ಅಮೈನೊ ಆಮ್ಲಗಳ ಪ್ರೋಟೀನು ಎಂದು 1997ರಲ್ಲಿ ಗೊತ್ತಾಯಿತು. ಅದರ ಜೀನಿನ ಪ್ರತಿಗಳು ಹೆಚ್ಚಾಗಿ, ಪ್ರೋಟೀನು ಅತಿಯಾಗಿ ತಯಾರಾದರೂ ಸಾಕು, ಚಿಕ್ಕ ವಯಸ್ಸಿಗೇ ಕಾಯಿಲೆ ಬರುತ್ತದೆ. 2002ರಲ್ಲಿ ಅಮೆರಿಕದ ನ್ಯಾನ್ಸಿ ಬೊನಿನಿ ಅವರ ತಂಡ ಹಣ್ಣುನೊಣಗಳಲ್ಲಿ ಮನುಷ್ಯರ ಸಿನ್ಯೂಕ್ಲಿನ್ ತುಂಬಿದಾಗ ಡೋಪಮಿನ್ ತಯಾರಿಸುವ ನರಕೋಶಗಳು (ಪಾರ್ಕಿನ್ಸನ್‌ನಲ್ಲಿ ಸಾಯುವುದು ಇಂಥವೇ) ಸತ್ತವು. ಜೊತೆಗೆ ಎಚ್‌ಎಸ್‌ಪಿ70 ಕೊಟ್ಟಾಗ ಉಳಿದವು. ನೀವು ನೋಡಿದ ವಿಡಿಯೊದಂಥವಕ್ಕೆಲ್ಲ ಮೂಲ ಇಂಥ ಪ್ರಯೋಗಗಳೇ. ಪ್ರಯೋಗ ಗಟ್ಟಿಯಾದದ್ದೇ. ಆದರೆ ಅಲ್ಲಿ ಎಚ್‌ಎಸ್‌ಪಿ70 ಏರಿದ್ದು ಜೀನು ಸೇರಿಸಿದ್ದರಿಂದ, ಏರಿದ್ದು ಸಾಯಲಿದ್ದ ಅದೇ ನರಕೋಶದೊಳಗೆ, ಮೊದಲಿನಿಂದಲೇ. ಬೆಚ್ಚಗಿನ ನೀರಲ್ಲಿ ಕೂತ ಅರವತ್ತೇಳರ ಹಿರಿಯರಿಗೆ ಅದನ್ನು ಅನ್ವಯಿಸುವುದು ಹೇಗೆ? ಬಿಸಿನೀರು ಚರ್ಮ, ಸ್ನಾಯು, ರಕ್ತಕೋಶಗಳಲ್ಲಿ ಎಚ್‌ಎಸ್‌ಪಿ70ನ್ನು ಏರಿಸಬಲ್ಲದು. ಆ ಪ್ರೋಟೀನು ಅಲ್ಲಿಂದ ನಡೆದು ಹೋಗಿ ಮೆದುಳಿನ ಕೋಶದೊಳಗಿನ ಗಂಟು ಬಿಡಿಸುವುದಿಲ್ಲ. ಮೆದುಳು ಅಷ್ಟು ಬಿಸಿಯಾಗದಂತೆ ದೇಹವೇ ಬೆವರಿ, ರಕ್ತ ಹರಿಸಿ ಕಾಪಾಡುತ್ತದೆ. ಮೇಲಾಗಿ ಬೆನ್ನುಹುರಿಯ ಚಲನ ನರಕೋಶಗಳಂಥ ಕೆಲವು ನರಕೋಶಗಳಲ್ಲಿ ಆ ಎಚ್‌ಎಸ್‌ಎಫ್1 ಸ್ವಿಚ್ಚು ಸುಲಭಕ್ಕೆ ಒತ್ತುವುದೇ ಇಲ್ಲ.

ಸರಿ, ಹೇಗೋ ಮೆದುಳಿನಲ್ಲೇ ಏರಿಸಿದೆವು ಎಂದುಕೊಳ್ಳಿ. ಗಂಟು ಕರಗಿದರೆ ಒಳ್ಳೆಯದಾಗುತ್ತದೆಯೇ? ಎಚ್‌ಎಸ್‌ಪಿ70, ಎಚ್‌ಎಸ್‌ಪಿ40, ಎಚ್‌ಎಸ್‌ಪಿ110 ಮೂರೂ ಸೇರಿದರೆ ಸಿನ್ಯೂಕ್ಲಿನ್ ಎಳೆಗಳನ್ನು ಕೊಳವೆಯಲ್ಲಿ ನಿಜಕ್ಕೂ ಒಡೆಯುತ್ತವೆ. ಆದರೆ ಉದ್ದನೆಯ ಎಳೆ ಒಡೆದರೆ ಚಿಕ್ಕ ಚೂರುಗಳೂ ಆಗುತ್ತವೆ, ಆ ಚೂರುಗಳು ಪಕ್ಕದ ಕೋಶಕ್ಕೆ ದಾಟಿ ಹೊಸ ಗಂಟಿಗೆ ಬೀಜವಾಗಬಹುದು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೂಕ್ಷ್ಮ ದುಂಡುಹುಳುಗಳಲ್ಲಿ ಎಚ್‌ಎಸ್‌ಪಿ110ನ್ನು ಕಡಿಮೆ ಮಾಡಿದಾಗಲೇ ಸಿನ್ಯೂಕ್ಲಿನ್ ಹರಡುವುದು ತಗ್ಗಿತು. ಮಾರುವವರು ಹೇಳದೇ ಬಿಡುವ ಸಂಗತಿ ಇದು.

ಹೀಟ್ ಶಾಕ್ ಪ್ರತಿಕ್ರಿಯೆಯನ್ನು ಹೆಚ್ಚಿಸಲೆಂದೇ ತಯಾರಿಸಿದ ಅರಿಮೊಕ್ಲೊಮಾಲ್ ಎಂಬ ಔಷಧದ ಕತೆಯನ್ನೂ ಹೇಳಬೇಕು. ಚಲನ ನರಕೋಶಗಳು ಸಾಯುವ ಎಎಲ್‌ಎಸ್ ಕಾಯಿಲೆಯಲ್ಲಿ ಅದರ ದೊಡ್ಡ ಪರೀಕ್ಷೆ 2021ರಲ್ಲಿ ಸೋತಿತು, ಅದೇ ವರ್ಷ ಒಂದು ಸ್ನಾಯು ಕಾಯಿಲೆಯಲ್ಲೂ ಸೋತಿತು. ನೀಮನ್ ಪಿಕ್ ಸಿ ಎಂಬ ಅಪರೂಪದ ಆನುವಂಶಿಕ ಕಾಯಿಲೆಗೆ ಮಾತ್ರ ಅಮೆರಿಕದಲ್ಲಿ 2024ರಲ್ಲಿ ಅನುಮತಿ ಸಿಕ್ಕಿತು. ಇಷ್ಟು ವರ್ಷ ಇಷ್ಟು ಹಣ ಸುರಿದು ಪರೀಕ್ಷಿಸಿದ ಔಷಧದ ಸ್ಥಿತಿ ಇದಾದರೆ, ಹಾಲಿಗೆ ಹಾಕುವ ಪುಡಿಯ ಬಗ್ಗೆ ನಾನು ಹೆಚ್ಚೇನು ಹೇಳಲಿ.

ಗೆದ್ದ ದಾರಿ ಬೇರೆ. ಫ್ಯಾಬ್ರಿ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಒಂದು ಕಿಣ್ವ ಸರಿಯಾಗಿ ಮಡಚಿಕೊಳ್ಳದೆ, ತಯಾರಾದ ಜಾಗದಲ್ಲೇ ತಪಾಸಣೆಗೆ ಸಿಕ್ಕಿ ನಾಶವಾಗುತ್ತದೆ. ಮಿಗಲಾಸ್ಟಾಟ್ ಎಂಬ ಚಿಕ್ಕ ಅಣು ಆ ಕಿಣ್ವದ ಒಡಲಲ್ಲಿ ಕೂತು ಆಕಾರವನ್ನು ಹಿಡಿದು ನಿಲ್ಲಿಸುತ್ತದೆ. ಕಿಣ್ವ ತಪಾಸಣೆ ದಾಟಿ ಕೋಶದ ಕಸ ಕರಗಿಸುವ ಆಮ್ಲೀಯ ಚೀಲವಾದ ಲೈಸೋಸೋಮ್ ಸೇರಿದ ಮೇಲೆ ಆ ಅಣು ಕಳಚಿಕೊಳ್ಳುತ್ತದೆ. ಯುರೋಪಿನಲ್ಲಿ 2016ರಿಂದ ಬಳಕೆಯಲ್ಲಿದೆ, ಆದರೆ ಕೆಲವು ನಿರ್ದಿಷ್ಟ ರೂಪಾಂತರ ಇರುವವರಿಗೆ ಮಾತ್ರ. ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ 1,480 ಅಮೈನೊ ಆಮ್ಲಗಳ ಒಂದು ಪ್ರೋಟೀನಿನಲ್ಲಿ 508ನೆಯದು ಒಂದೇ ಒಂದು ಇಲ್ಲದಿರುವುದು ಅತಿ ಸಾಮಾನ್ಯ ದೋಷ. ಶಾಪರೋನ್‌ಗಳೇ ಅದನ್ನು ತಡೆದು ನಾಶಕ್ಕೆ ಕಳಿಸುತ್ತವೆ, ಅಂದರೆ ಇಲ್ಲಿ ಅವುಗಳ ಕಟ್ಟುನಿಟ್ಟೇ ರೋಗಕ್ಕೆ ದಾರಿ. ಕೋಶಗಳನ್ನು 37ರ ಬದಲು 27 ಡಿಗ್ರಿಯಲ್ಲಿ ಬೆಳೆಸಿದರೆ ಅದೇ ಪ್ರೋಟೀನು ಕೋಶದ ಮೇಲ್ಮೈ ತಲುಪಿ ಕೆಲಸ ಮಾಡುತ್ತದೆ ಎಂದು 1992ರಲ್ಲಿ ಕಂಡಿತು. ಆ ಸುಳಿವು ಹಿಡಿದು ಹೋದವರಿಗೆ 2019ರಲ್ಲಿ ಮೂರು ಔಷಧಗಳ ಸಂಯೋಜನೆ ಸಿಕ್ಕಿ, ಅನೇಕ ರೋಗಿಗಳ ಬದುಕೇ ಬದಲಾಯಿತು. ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ಹೃದಯದಲ್ಲಿ ಗಟ್ಟಿಯಾಗಿ ಕೂರುವ ಕಾಯಿಲೆಗೆ ಟಫಾಮಿಡಿಸ್ ಇದೆ. 441 ರೋಗಿಗಳ ಪರೀಕ್ಷೆಯಲ್ಲಿ 30 ತಿಂಗಳಲ್ಲಿ ಔಷಧ ಪಡೆದವರಲ್ಲಿ ಶೇ 29.5 ಮಂದಿ ತೀರಿಕೊಂಡರೆ, ಪಡೆಯದವರಲ್ಲಿ ಶೇ 42.9.

ಪಾರ್ಕಿನ್ಸನ್‌ನಲ್ಲೂ ಈ ದಾರಿಯ ಒಂದು ಪ್ರಯತ್ನ ನಡೆದಿದೆ. ಅದನ್ನು ಹೇಳಲು ಸ್ವಲ್ಪ ಹಿಂಜರಿಕೆ, ಯಾಕೆಂದರೆ ಆ ಔಷಧ ನಿಮ್ಮ ಮೂಲೆಯ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ರೋಗಿಗಳಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ಜಿಬಿಎ1 ಎಂಬ ಜೀನಿನಲ್ಲಿ ವ್ಯತ್ಯಾಸವಿರುತ್ತದೆ. ಅದರ ಕಿಣ್ವ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಕೆಮ್ಮಿನ ಸಿರಪ್ಪಿನಲ್ಲಿರುವ ಆಂಬ್ರಾಕ್ಸಾಲ್ ಆ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. 2020ರ ಒಂದು ಚಿಕ್ಕ ಅಧ್ಯಯನದಲ್ಲಿ ಅದು ಮೆದುಳಿನ ದ್ರವವನ್ನು ತಲುಪುವುದು ಕಂಡಿತು. ಪಾರ್ಕಿನ್ಸನ್ ಜೊತೆ ಮರೆವು ಬಂದವರ ಮೇಲಿನ 2025ರ ಅಧ್ಯಯನದಲ್ಲಿ ಸುರಕ್ಷಿತವಾಗಿತ್ತು, ಆದರೆ ಮರೆವು ಸ್ಪಷ್ಟವಾಗಿ ಸುಧಾರಿಸಲಿಲ್ಲ. ಬ್ರಿಟನ್ನಿನಲ್ಲಿ ಈಗ ದೊಡ್ಡ ಪರೀಕ್ಷೆ ನಡೆಯುತ್ತಿದೆ. ಆ ಅಧ್ಯಯನಗಳಲ್ಲಿ ಕೊಟ್ಟ ದೊಡ್ಡ ಪ್ರಮಾಣ ದಿನಕ್ಕೆ ಒಂದು ಗ್ರಾಂಗಿಂತ ಹೆಚ್ಚು, ಕೆಮ್ಮಿಗೆ ಕೊಡುವುದರ ಸುಮಾರು ಹತ್ತು ಪಟ್ಟು. ಸಿರಪ್ಪಿನಿಂದ ಅಷ್ಟು ಕುಡಿಸಲು ಹೋದರೆ, ಅದರಲ್ಲಿ ಹಲವು ವೇಳೆ ಬೆರೆಸಿರುವ, ಶ್ವಾಸನಾಳ ಹಿಗ್ಗಿಸುವ ಟರ್ಬುಟಲಿನ್ ಅಥವಾ ಸಾಲ್ಬುಟಮಾಲ್ ಎದೆಬಡಿತ, ನಡುಕ ಎರಡನ್ನೂ ಏರಿಸುತ್ತದೆ. ದಯವಿಟ್ಟು ಮನೆಯಲ್ಲಿ ಪ್ರಯೋಗ ಬೇಡ. ಮನೆತನದಲ್ಲಿ ಬೇರೆಯವರಿಗೂ ಪಾರ್ಕಿನ್ಸನ್ ಇದ್ದರೆ ಅಥವಾ ತಂದೆಯವರಿಗೆ 50ರ ಒಳಗೇ ಶುರುವಾಗಿದ್ದಿದ್ದರೆ ಜೀನ್ ಪರೀಕ್ಷೆಯ ಬಗ್ಗೆ ನರರೋಗ ತಜ್ಞರನ್ನು ಕೇಳಿ ಎನ್ನುತ್ತಿದ್ದೆ. 63ಕ್ಕೆ ಶುರುವಾದವರಿಗೆ ಅದರಿಂದ ಇವತ್ತಿನ ಚಿಕಿತ್ಸೆಯಲ್ಲಿ ಬದಲಾಗುವುದು ಕಡಿಮೆ.

ಇನ್ನು ಮೊದಲಿಗೆ ಹೇಳಿದ ಎರಡು ಬೇಡಗಳ ಕಾರಣ. ಪಾರ್ಕಿನ್ಸನ್ ಇರುವ ಅನೇಕರಲ್ಲಿ ರಕ್ತದೊತ್ತಡವನ್ನು ಸಮ ಇಡುವ ನರಗಳೂ ಸೊರಗಿರುತ್ತವೆ. ಕೂತವರು ಎದ್ದರೆ ಬಿಪಿ ಇಳಿಯುತ್ತದೆ, ಲೆವೊಡೋಪ ಇನ್ನಷ್ಟು ಇಳಿಸುತ್ತದೆ, ಬಿಸಿನೀರು ರಕ್ತನಾಳಗಳನ್ನು ಹಿಗ್ಗಿಸಿ ಮತ್ತಷ್ಟು. ಅರ್ಧ ಗಂಟೆ ನೆನೆದು ಒದ್ದೆ ನೆಲದ ಮೇಲೆ ಎದ್ದು ನಿಲ್ಲುವ ಕ್ಷಣವೇ ಸೊಂಟ ಮುರಿಯುವ ಕ್ಷಣ. ಬೆವರುವುದೂ ಏರುಪೇರಾಗಿರುತ್ತದೆ, ನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯನ್ನೂ ಕೊಟ್ಟಿದ್ದರೆ ಬೆವರು ಇನ್ನೂ ಕಡಿಮೆ. ನಿಮ್ಮ ಊರಿನ ಏಪ್ರಿಲ್ ಬಿಸಿಲಲ್ಲಿ ಮೈ ಬಿಸಿ 40 ಡಿಗ್ರಿ ದಾಟಲು ಹೆಚ್ಚು ಹೊತ್ತು ಬೇಕಾಗದು. ಆಗ ಶಾಪರೋನ್‌ಗಳ ಕೈಯಲ್ಲೂ ಆಗದಷ್ಟು ಪ್ರೋಟೀನುಗಳು ಬಿಚ್ಚಿಕೊಳ್ಳುತ್ತವೆ. ಎಂದಿನ ಉಗುರುಬೆಚ್ಚಗಿನ ನೀರಿನ ಸ್ನಾನ ಸ್ಟೂಲಿನ ಮೇಲೆ ಕೂತು ಮಾಡಲಿ, ಅದಕ್ಕೆ ಅಡ್ಡಿಯಿಲ್ಲ.

ಪುಡಿಯ ತೊಂದರೆ ಇನ್ನೂ ನೇರ. ಲೆವೊಡೋಪ ಕೂಡ ಒಂದು ಅಮೈನೊ ಆಮ್ಲ. ಕರುಳಿನಿಂದ ರಕ್ತಕ್ಕೂ, ರಕ್ತದಿಂದ ಮೆದುಳಿಗೂ ದಾಟಲು ಅದು ಆಹಾರದ ಅಮೈನೊ ಆಮ್ಲಗಳು ಬಳಸುವ ಬಾಗಿಲನ್ನೇ ಬಳಸುತ್ತದೆ. ಮಾತ್ರೆಯ ಜೊತೆಗೇ ಹಾಲು ಮತ್ತು ಪ್ರೋಟೀನ್ ಪುಡಿ ಕೊಟ್ಟರೆ ಬಾಗಿಲಲ್ಲಿ ನೂಕುನುಗ್ಗಲಾಗಿ ಮಾತ್ರೆ ಸರಿಯಾಗಿ ಹಿಡಿಯದೆ, ಕೈಕಾಲು ಬಿಗಿದುಕೊಂಡೇ ಇರಬಹುದು. ಕಾಯಿಲೆ ಹೆಚ್ಚಾಯಿತೆಂದು ಡಾಕ್ಟರು ಮಾತ್ರೆ ಏರಿಸಬೇಕಾಗಿ ಬಂದೀತು. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯ ಮೇಲೆ ನೀರಿನ ಜೊತೆ ಮಾತ್ರೆ ಕೊಡಿ. ಇದನ್ನು ಕೇಳಿ ಬೇಳೆ, ಮೊಸರು, ಮೊಟ್ಟೆ ನಿಲ್ಲಿಸಿಬಿಡಬೇಡಿ. ಈ ಕಾಯಿಲೆಯಲ್ಲಿ ತೂಕ ಇಳಿಯುವುದೇ ದೊಡ್ಡ ಚಿಂತೆ, ಪ್ರೋಟೀನು ಬೇಕು, ಹೊತ್ತು ಮಾತ್ರ ಬೇರೆಯಾಗಿರಲಿ. ಕೆಲವು ಪುಡಿಗಳಲ್ಲಿ ನಸುಗುನ್ನಿ ಬೀಜ ಇರುತ್ತದೆ, ಅದರಲ್ಲಿ ಸಹಜವಾಗಿಯೇ ಲೆವೊಡೋಪ ಇದೆ. ಎಷ್ಟಿದೆ ಎಂದು ಡಬ್ಬಿಯ ಮೇಲೆ ಬರೆದಿರಲಿ, ಬಿಡಲಿ, ಮಾತ್ರೆಯ ಜೊತೆ ಸೇರಿ ಮೈ ತಾನಾಗಿ ತಿರುಚುವುದು, ಭ್ರಮೆ, ಬಿಪಿ ಕುಸಿತ ಆಗಬಹುದು. ಈಗಾಗಲೇ ಡಬ್ಬಿ ಮನೆಗೆ ಬಂದಿದ್ದರೆ ಎಸೆಯಬೇಡಿ, ಮುಂದಿನ ಬಾರಿ ಡಾಕ್ಟರ ಬಳಿ ಹೋಗುವಾಗ ಜೊತೆಗೆ ಒಯ್ದು ತೋರಿಸಿ.

ತಮ್ಮನಿಗೆ ತಂದೆಗಾಗಿ ಏನಾದರೂ ಮಾಡಬೇಕೆಂಬ ಹಂಬಲವಿದೆ, ಅದು ಬೆಲೆಯುಳ್ಳದ್ದು. ಅವನು ಆ ಅರ್ಧ ಗಂಟೆಯನ್ನು ತಂದೆಯ ಜೊತೆ ನಡೆಯಲು ಕೊಡಲಿ. ನಿಯಮಿತ ವ್ಯಾಯಾಮದಿಂದ ಪಾರ್ಕಿನ್ಸನ್ ರೋಗಿಗಳ ನಡಿಗೆ, ಸಮತೋಲ ಸುಧಾರಿಸುತ್ತದೆ ಎನ್ನಲು ಒಳ್ಳೆಯ ಅಧ್ಯಯನಗಳಿವೆ. ದುಡಿಯುವ ಸ್ನಾಯುವಿನಲ್ಲಿ ಎಚ್‌ಎಸ್‌ಪಿ70 ಕೂಡ ಏರುತ್ತದೆ. ಮಾತ್ರೆ ಹಿಡಿದಿರುವ ಹೊತ್ತು ನೋಡಿಕೊಂಡು, ಬಿಸಿಲಿಲ್ಲದಾಗ ಹೊರಡಲಿ. ಎಷ್ಟು ಗಂಟೆಗೆ ಮಾತ್ರೆ ಕೊಟ್ಟಿರಿ, ಎಷ್ಟು ಗಂಟೆಗೆ ಮೈ ಸಡಿಲವಾಯಿತು, ಮತ್ತೆ ಯಾವಾಗ ಬಿಗಿಯಿತು ಎಂದು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಮಾತ್ರೆಯ ಪ್ರಮಾಣವನ್ನೂ ಹೊತ್ತನ್ನೂ ಹೊಂದಿಸಲು ನಿಮ್ಮ ನರರೋಗ ತಜ್ಞರಿಗೆ ತುಂಬ ಅನುಕೂಲವಾಗುತ್ತದೆ.